ಬೀಗರಿಗೆ ಅಡವಿ ತೋರಿಸಿದ್ದು

“ದಾಂಡೇಲಿ ಅಡವಿ ಅಂದ್ರ ನಮ್ಮ ಹಿತ್ತಲ ಇದ್ದಾಂಗ್ರೀ ದ್ಯಾಮಣ್ಣನವರ! ನಾಳೆ ನಾನ ಖುದ್ದ ಕರ್ಕೊಂಡು ಹೋಗಿ ತೋರಸ್ತೇನಿ. ಹುಲಿ, ಕರಡಿ, ಕಾಡುಕೋಣ, ಏನು ನೋಡ್ತೀರಿ ಹೇಳ್ರಿ! ಎಲ್ಲಾ ನೋಡಿ ಸಂಜೀಕ ಮನಿಗೆ ಬಂದು ಚಹಾ ಕುಡಿಯೂಣು!”

ಉಣಕಲ್ಲಿನ ನೀಲಕಂಠಪ್ಪನವರು ಈ ಘೋಷಣೆ ಮಾಡಿದ್ದು ತಮ್ಮ ಪಡಸಾಲೆಯ ಗಾದಿಯ ಮೇಲೆ, ಲೋಡಿಗೆ ಒರಗಿ, ಮೀಸೆಯ ಮೇಲೆ ಕೈಯಿಟ್ಟುಕೊಂಡು. ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿ ಒಂದೇ ಕಾರ್ಪೊರೇಶನ್ ಆದ ವರ್ಷ ಅದು. ಊರು ಊರುಗಳೇ ಬೀಗತನ ಬೆಳೆಸುತ್ತಿರುವಾಗ ತಾವೇಕೆ ಹಿಂದೆ ಬೀಳಬೇಕೆಂದು ಇವರೂ ಮಗಳು ಕಸ್ತೂರಿಗೆ ವರ ಹುಡುಕಿದ್ದರು. ವರ ರೋಣದ ಹತ್ತಿ ವ್ಯಾಪಾರಿ ದ್ಯಾಮಣ್ಣನವರ ಮಗ. ಇಂಜಿನಿಯರಿಂಗ್ ಓದಿ ನೌಕರಿ ಹಿಡಿದವನು. ಹುಡುಗ ಬಂದು ಹುಡುಗಿಯನ್ನು ಒಪ್ಪಿ ಹೋಗಿ ಆಗಿತ್ತು. ಉಳಿದದ್ದು ಹುಡುಗನ ತಾಯಿ-ತಂದೆ ನಾಲ್ಕು ದಿನ ಇದ್ದು, ಮನೆತನ ನೋಡಿ, ‘ಹೂಂ’ ಅನ್ನುವುದು. ಆ ಒಂದು ‘ಹೂಂ’ ಸಲುವಾಗಿ ನೀಲಕಂಠಪ್ಪನವರು ದಾಂಡೇಲಿಯೇನು, ಕೈಲಾಸವನ್ನೂ ತೋರಿಸಿಕೊಂಡು ಬರಲು ತಯಾರಿದ್ದರು.

ದಾಂಡೇಲಿಯೊಡನೆ ಅವರಿಗಿದ್ದ ಪರಿಚಯ ಎಂಥದು ಎಂದು ಕೇಳುತ್ತೀರಾ? ಮನೆ ಕಟ್ಟಿಸುವಾಗ ಬಾಗಿಲ ಚೌಕಟ್ಟಿಗೆ ಕಟ್ಟಿಗೆ ತರಲು ಒಮ್ಮೆ ಹೋಗಿದ್ದರು. ಡಿಪೋದ ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಅವಲಕ್ಕಿ ತಿಂದು ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದಿದ್ದರು. ಕಡಿದು ಹಾಕಿದ ಮರ ಬಿಟ್ಟರೆ ನಿಂತ ಮರವನ್ನು ಅವರು ಅಲ್ಲಿ ಸರಿಯಾಗಿ ನೋಡಿರಲೂ ಇಲ್ಲ!

ಆದರೆ ದ್ಯಾಮಣ್ಣನವರು ಅಂದ ಮಾತೇ ಹಾಗಿತ್ತು. “ನಮ್ಮ ರೋಣದ ಕರೀ ಎರಿ ಹೊಲದಾಗ ಒಂದು ಗಿಡಾ ಕಂಡ್ರ, ಅದನ್ನ ಯಾರ ಮುತ್ಯಾ ಹಚ್ಚಿದ್ದು ಅಂತ ಹೇಳಬಹುದ್ರಿ. ಅಡವಿ ಅನ್ನೂದನ್ನ ನಾವು ಕ್ಯಾಲೆಂಡರಿನ್ಯಾಗ ನೋಡೇವಿ, ಅಷ್ಟ.” ಇಂಥ ಮಾತು ಕೇಳಿದ ಮೇಲೂ ಬಾಯಿ ಮುಚ್ಚಿಕೊಂಡು ಕೂತರೆ ಅದೆಂಥ ಹೆಣ್ಣಿನ ತಂದೆ?

ದ್ಯಾಮಣ್ಣನವರ ಹೆಂಡತಿ ದಾನವ್ವನವರದು ಘನವಾದ ದೇಹ, ಅದಕ್ಕಿಂತ ಘನವಾದ ಕಂಠ. “ಹುಲಿ ನಾವು ನೋಡೂದು ಛಲೋ ಐತ್ರಿ, ಹುಲಿನ ನಮ್ಮನ್ನ ನೋಡಿದ್ರ?” ಎಂದರು.

“ನಾ ಇದ್ದೇನಲ್ರಿ ಅಕ್ಕಾರ! ಹುಲಿಗೂ ನಿಮಗೂ ನಡುವ ಈ ನೀಲಕಂಠ ನಿಂತಿರ್ತಾನ!” ಎಂದು ನೀಲಕಂಠಪ್ಪನವರು ಎದೆ ಮುಟ್ಟಿಕೊಂಡರು. “ನಮ್ಮ ಕಸ್ತೂರೀನೂ ಹಂಗ ನೋಡ್ರಿ. ಧೈರ್ಯ ಅಂದ್ರ ಧೈರ್ಯ! ಅಗದೀ ಅಪ್ಪನ ಅಚ್ಚು. ಅವರವ್ವನ ಹಾಂಗಲ್ಲ.”

ಅವರವ್ವ ಅಂದರೆ ರತ್ನವ್ವ, ಆಗಲೇ ಚಹಾ ತಗೊಂಡು ಒಳಗಿನಿಂದ ಬಂದಳು. ದಾನವ್ವನವರು ಕಪ್ಪು ಇಸಿದುಕೊಳ್ಳುವ ಮೊದಲೇ, “ಅಕ್ಕಾರ, ಗಂಡನ ಹೆಸರು ಹೇಳ್ರಿ, ಆಮ್ಯಾಲ ಚಹಾ,” ಎಂದು ಪಟ್ಟು ಹಿಡಿದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವ ಹಾಗಿಲ್ಲ. ಒಡಪಿನಲ್ಲಿ ಪ್ರಾಸ ಕೂಡಿಸಿ ಹೇಳಬೇಕು. ರತ್ನವ್ವ ಈ ವಿದ್ಯೆಯಲ್ಲಿ ಗಟ್ಟಿಗಿತ್ತಿ. ಸೆರಗು ಸರಿಮಾಡಿಕೊಂಡು ಅಂದಳು:

“ಹುಬ್ಬಳ್ಳಿ ಪ್ಯಾಟ್ಯಾಗ ಹತ್ತಿ ಗಾಡಿ ಸಾಲು,
ನೀಲಕಂಠಪ್ಪನವರ ಮಾತು ಕೆನೀ ಕಟ್ಟಿದ ಹಾಲು!”

ಎಲ್ಲರೂ ನಕ್ಕರು. ನೀಲಕಂಠಪ್ಪನವರ ಎದೆ ಮಾತ್ರ ಧಸಕ್ಕೆಂದಿತು. ಹೊಗಳಿಕೆಗೇನೂ ಅವರ ತಕರಾರಿರಲಿಲ್ಲ. ಅವರನ್ನು ಚುಚ್ಚಿದ್ದು ‘ಹಾಲು’.

ಅದರ ಹಿಂದೊಂದು ಕಥೆಯಿದೆ. ರತ್ನವ್ವನ ತವರುಮನೆ ಉಪ್ಪಿನಬೆಟಗೇರಿ. ಅಲ್ಲಿಂದ ಬರುವಾಗ ಎಮ್ಮೆ ಕಟ್ಟಿಕೊಂಡು ಬಂದವಳು, ಇಂದಿನವರೆಗೂ ಹಿತ್ತಲಲ್ಲಿ ಎಮ್ಮೆ ಇಲ್ಲದೆ ಇದ್ದವಳಲ್ಲ. ಈಗ ಕರೆವ್ವ, ಚಂದ್ರಿ ಎಂಬ ಎರಡು ಎಮ್ಮೆಗಳಿದ್ದವು. ಗಂಡನಿಗಿಂತ ಅವುಗಳ ಜೊತೆಗೇ ಅವಳ ಮಾತು ಹೆಚ್ಚು; ಅವು ನಡುವೆ ಬಾಯಿ ಹಾಕುತ್ತಿರಲಿಲ್ಲ. ಆದರೆ ಇಂಜಿನಿಯರನ ತಾಯಿ-ತಂದೆ ಬರುವ ಮನೆಯಲ್ಲಿ ಹೆಂಡಿ-ಸಗಣಿಯ ವಾಸನೆಯೇ? ಬೀಗರಾಗುವವರು ಬರುವ ಮುಂಜಾನೆಯೇ ನೀಲಕಂಠಪ್ಪನವರು ಎರಡೂ ಎಮ್ಮೆಗಳನ್ನು ಓಣಿಯಾಚೆಯ ಹುಲಗಪ್ಪನ ಹಿತ್ತಲಿಗೆ ದಾಟಿಸಿಬಿಟ್ಟಿದ್ದರು. ಊಟದಲ್ಲಿ ದಾನವ್ವನವರು ಮೊಸರನ್ನು ಹೊಗಳಿದಾಗ, “ಡೇರಿದ್ರೀ, ಡೇರಿದು” ಎಂದು ಸುಳ್ಳು ಹೇಳಿ ಗುಟುಕು ನೀರು ಕುಡಿದಿದ್ದರು.

ಈಗ ಚಹಾ ಮುಗಿದದ್ದೇ ತಡ, ಅಡುಗೆಮನೆಗೆ ಧಾವಿಸಿದರು.

“ಏನ ನೀನು! ಹಾಲು ಅಂತ ಯಾಕ ತಂದಿ ನಡುವ?”

“ಸಾಲು ಅಂದಿದ್ದೆ, ಹಾಲು ಬಂತ್ರಿ.”

“ಕೇಳಿಲ್ಲೆ. ನಾಳೆ ದಾರಿ ತುಂಬ ನೀ ಎಮ್ಮಿ ಸುದ್ದಿ ಎತ್ತಬಾರದು. ಎಮ್ಮಿ, ಹೆಂಡಿ, ಕರಾ, ಕೆಚ್ಚಲ, ಒಂದು ಶಬ್ದ ನಿನ್ನ ಬಾಯಾಗಿಂದ ಹೊರಗ ಬಂದ್ರ ನನ್ನ ಆಣಿ!”

“ಆಣಿ ಯಾಕ್ರಿ ಇದಕ್ಕ?”

“ಆಣಿ ಅಂದ್ರ ಆಣಿ. ಅವರು ದೊಡ್ಡ ಮಂದಿ. ಎಮ್ಮಿ ಕಾಯೂ ಮನೀ ಹುಡುಗೀನ ನಾವ್ಯಾಕ ಮಾಡ್ಕೋಬೇಕು ಅಂದ್ರ ಏನ್ಮಾಡ್ತಿ?”

ರತ್ನವ್ವ ರೊಟ್ಟಿಯ ಹಿಟ್ಟು ನಾದುವ ಸಪ್ಪಳ ತುಸು ಜೋರಾಯಿತು.

ಮರುದಿನ ಮುಂಜಾನೆ ಶಾಬುದ್ದೀನನ ಬಾಡಿಗೆ ಮೋಟಾರು ಬಾಗಿಲಿಗೆ ಬಂತು. ಬಂದದ್ದೇನೋ ಲಗೂ ಬಂತು. ಹೊರಡಲು ಹೊತ್ತು ಹಿಡಿಯಿತು. ಮುಂದಿನ ಸೀಟಿನಲ್ಲಿ ಯಾರು ಕೂಡಬೇಕು?

“ನೀವು ಮುಂದ ಕೂಡ್ರಿ ದ್ಯಾಮಣ್ಣನವರ.”

“ಛೆ ಛೆ! ನೀವು ಕೂಡ್ರಿ.”

“ಎಲ್ಲಾರೇ ಉಂಟೇನ್ರಿ? ನೀವು ದೊಡ್ಡವರು.”

“ನೀವು ಹೆಣ್ಣು ಕೊಡೂ ಮಂದಿ, ನೀವು ದೊಡ್ಡವರು.”

ಬೀಗರ ನಡುವೆ ಯಾರು ಮೊದಲು ಕೂತರೋ, ಯಾರು ಮೊದಲು ತುತ್ತು ಎತ್ತಿದರೋ ಅವರ ಮರ್ಯಾದೆ ಒಂದು ಗುಂಜಿ ಕಡಿಮೆ. ಆದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ಮೋಟಾರಿನೊಳಗೆ ನೂಕುತ್ತ ನಿಂತರು. ಕೊನೆಗೆ ಶಾಬುದ್ದೀನನೇ, “ಸಾವಕಾರ್ರ, ನೀವೆಲ್ಲಾರೂ ಹಿಂದ ಕೂಡ್ರಿ. ಬುತ್ತಿ ಮುಂದ ಕೂಡಲಿ!” ಎಂದು ತೀರ್ಪು ಕೊಟ್ಟ. ರೊಟ್ಟಿ, ಎಣ್ಣೆಗಾಯಿ, ಸೆಂಗಾ ಚಟ್ನಿ, ಮಾದಲಿ, ಮೊಸರಿನ ಗಡಿಗೆ ಎಲ್ಲ ತುಂಬಿದ ಬುತ್ತಿಯ ಬುಟ್ಟಿ ಮದುಮಗನ ಹಾಗೆ ಮುಂದೆ ಕೂತಿತು. ಹಿರಿಯರು ನಾಲ್ವರೂ ಹಿಂದೆ ಒತ್ತಿಕೊಂಡು, ದಾನವ್ವನವರ ಮೊಣಕೈ ನೀಲಕಂಠಪ್ಪನವರ ಪಕ್ಕೆಲುಬಿನಲ್ಲಿ ನೆಟ್ಟು, ಹಳಿಯಾಳದ ಹಾದಿ ಹಿಡಿದು ಹೊರಟಿತು ಸವಾರಿ.

ಅಡವಿಯ ತಪಾಸಣೆ ನಾಕೆಯಲ್ಲಿ ಖಾಕಿ ಅಂಗಿಯವನೊಬ್ಬ ತಡೆದ. “ಹೊಸಬರು ಕಾಣ್ತೀರಿ. ಇದು ಈಗ ಅಭಯಾರಣ್ಯ ಆಗೇತ್ರಿ. ಜೋಡಿ ನಮ್ಮ ವಾಚರ್ ಒಬ್ಬಾವನ್ನ ಕಳಸ್ತೇನಿ.”

“ಹೊಸಬರು?” ನೀಲಕಂಠಪ್ಪನವರು ನಕ್ಕ ರಭಸಕ್ಕೆ ಮೋಟಾರು ಅಲುಗಿತು. “ತಮ್ಮಾ, ಈ ಅಡವಿಗೆ ನಾ ಹೊಸಬ ಅಲ್ಲ. ಗೈಡು ಬೇಕಾದವರಿಗೆ ಕೊಡು, ಹೋಗು. ನಾನ ಗೈಡು!”

ಖಾಕಿ ಅಂಗಿಯವನು ಅಡ್ಡಗಳ ಎತ್ತಿದ. ಖಾಸಗಿ ಅಡವಿ ದರ್ಶನ ಆರಂಭವಾಯಿತು.

ಎಂಥ ಗುಡ್ಡ! ಎಂಥ ಮರ! ಮೋಟಾರು ಗುಡ್ಡದ ಮೈಗೆ ಸುತ್ತಿಕೊಂಡು ಏರುತ್ತ ಹೋದಂತೆ ಎರಡೂ ಕಡೆ ಮರಗಳು ಮೇಲೆ ಮೇಲೆ ಕವಿದವು. ದ್ಯಾಮಣ್ಣನವರು ಬೆರಗಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಇದು ಯಾವ ಗಿಡಾರೀ?”

“ಸಾಗವಾನಿ,” ಎಂದರು ಗೈಡು. ಚೌಕಟ್ಟಿನ ಕಟ್ಟಿಗೆ ತಂದಾಗ ಕಲಿತದ್ದು ಅದೊಂದೇ ಹೆಸರು.

“ಅದು?”

“ಅದೂ ಸಾಗವಾನಿ.”

“ಅದರ ತೊಗಟಿ ಬ್ಯಾರೇ ಐತೆಲ್ರಿ? ಎಲಿ ಸಣ್ಣಾವು.”

“ಅದು… ಹೆಣ್ಣು ಸಾಗವಾನಿ!”

ದ್ಯಾಮಣ್ಣನವರು ಭಕ್ತಿಯಿಂದ ತಲೆದೂಗಿದರು. ಮುಂದೆ ಹರಿದಾರಿ ದಾಟುವುದರೊಳಗೆ ಮುದಿ ಸಾಗವಾನಿ, ಬಸುರಿ ಸಾಗವಾನಿ, ಬಳ್ಳಿ ಸಾಗವಾನಿ ಎಲ್ಲ ಆಗಿಹೋದವು. ಬಿದಿರು ಒಂದನ್ನು ಬಿದಿರೇ ಎಂದು ಒಪ್ಪಿಕೊಂಡರು, ಪುಣ್ಯ.

ಪ್ರಾಣಿ ಮಾತ್ರ ಒಂದೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಪ್ರಾಣಿ ಕಾಣಬೇಕಾದರೆ ಸುಮ್ಮನಿರಬೇಕು. ದಾನವ್ವನವರೋ ತಮ್ಮ ತಂಗಿಯ ಮಗಳ ಮದುವೆಯಲ್ಲಿ ಬೂಂದಿ ಕಡಿಮೆ ಬಿದ್ದ ಕಥೆಯನ್ನು ಸಮಸ್ತ ಅರಣ್ಯಕ್ಕೆ ಕೇಳುವಂತೆ ಹೇಳುತ್ತಿದ್ದರು. ಮೊದಲಿಗೆ ಹಕ್ಕಿಗಳು ಹಾರಿಹೋದವು. ಆಮೇಲೆ ಮಂಗಗಳು ಹೋದವು. ಬೀಗತಿಯಾಗುವವಳಿಗೆ ‘ಸುಮ್ಮನಿರ್ರಿ’ ಅಂದು ಆಮೇಲೆ ಮಗಳ ಮದುವೆ ಮಾಡಿದವರನ್ನು ನೀವು ಕಂಡಿದ್ದೀರಾ? ನೀಲಕಂಠಪ್ಪನವರೂ ಕಂಡಿರಲಿಲ್ಲ. “ಹೌದ್ರಿ, ಬೂಂದಿ ಕಡಿಮಿ ಬೀಳಬಾರದ್ರಿ,” ಎನ್ನುತ್ತ ಒಳಗೊಳಗೇ ಬೆವರಿದರು.

“ಹುಲಿ ಎಲ್ಲೆ ಬರ್ತಾವ್ರಿ?” ಎಂದು ದ್ಯಾಮಣ್ಣನವರು ಎರಡನೆಯ ಸಲ ಕೇಳಿದಾಗ ಇನ್ನು ಏನಾದರೂ ಮಾಡಲೇಬೇಕಾಯಿತು. ಹಳ್ಳವೊಂದರ ಹತ್ತಿರ ಮೋಟಾರು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ತಾವು ಮುಂದಾಗಿ ಕಾಲುದಾರಿ ಹಿಡಿದರು. ಶಾಬುದ್ದೀನ, “ನೀವು ಹೋಗಿ ಬರ್ರಿ, ನಾ ಗಾಡಿ ಕಾಯ್ತೇನಿ,” ಎಂದು ಸೀಟಿನಲ್ಲೇ ಮುಸುಕು ಹಾಕಿದ.

ಕೆಸರಿನಲ್ಲಿ ಒಂದು ಹೆಜ್ಜೆ ಕಂಡಿತು. ಶಿವನೇ ಕಳಿಸಿದಂತಿತ್ತು!

“ನೋಡ್ರಿ! ಹುಲಿ ಹೆಜ್ಜಿ! ಈಗ ಮುಂಜಾನೀದು!”

ದ್ಯಾಮಣ್ಣನವರು ಬಾಗಿ ನೋಡಿದರು. ಸಾವಕಾಶ ತಲೆಯೆತ್ತಿ ಕೇಳಿದರು, “ಹುಲಿಗೆ ಗೊರಸು ಇರ್ತಾವೇನ್ರಿ?”

“ಹಾಂ… ಹುಲಿ ಅಂದೆನೇನು? ಕಾಡುಕೋಣ! ಕಾಡುಕೋಣದ ಹೆಜ್ಜಿ! ಒಂದು ಸಲ ತಿವಿದ್ರ ಮೋಟಾರ ಅಂಗಾತ ಬೀಳ್ತೈತಿ!”

ರತ್ನವ್ವನೂ ಬಾಗಿ ನೋಡಿದಳು. ಹೆಜ್ಜೆಯ ಪಕ್ಕದಲ್ಲೇ ಹಸಿ ಹೆಂಡಿ ಬಿದ್ದಿತ್ತು. ಅವಳ ಮುಖ ಅರಳಿತು. “ಏನ್ರಿ, ಇದು…”

“ಆಣಿ!” ಎಂದು ನೀಲಕಂಠಪ್ಪನವರು ಹಲ್ಲು ಕಡಿದರು.

ರತ್ನವ್ವ ಸೀರೆಯ ನೆರಿಗೆ ಎತ್ತಿ ಹೆಂಡಿ ದಾಟಿದಳು.

ಹಳ್ಳದ ದಂಡೆಯ ಮೇಲೆ ದೊಡ್ಡದೊಂದು ಮರದ ಕೆಳಗೆ ಜಮಖಾನೆ ಹಾಸಿ ಬುತ್ತಿ ಬಿಚ್ಚಿದರು. ರೊಟ್ಟಿ ಗಂಡಸರಿಬ್ಬರ ನಡುವೆ ನೀವು ಮೊದಲು, ನೀವು ಮೊದಲು ಎಂದು ಹೋಗಿ ಬಂದು ಮೆತ್ತಗಾಯಿತು. ದಾನವ್ವನವರು ಮಾತ್ರ, “ನೀವು ಮರ್ಯಾದಿ ಉಣ್ರಿ, ನಾ ರೊಟ್ಟಿ ಉಣ್ತೇನಿ,” ಎಂದು ಮಾದಲಿಗೆ ಕೈ ಹಾಕಿದರು. ಆಗ ಎಲ್ಲಿಂದಲೋ ಕೇಳಿಸಿತು: ಟೊಣಕ್. ಟೊಣಕ್.

“ಏನ್ರಿ ಅದು ಸಪ್ಪಳ?” ದ್ಯಾಮಣ್ಣನವರು ಕಿವಿಗೊಟ್ಟರು.

“ಗಿಡಾ ಕುಟ್ಟೂ ಹಕ್ಕಿ,” ಎಂದರು ಗೈಡು, ತಡವರಿಸದೆ.

ರತ್ನವ್ವನ ಬಾಯಲ್ಲಿ ತುತ್ತಿತ್ತು. ಅವಳು ಗಂಡನ ಕಡೆ ನೋಡಿ ತಲೆಯ ಎರಡೂ ಬದಿಗೆ ಬೆರಳೆತ್ತಿ ಕೊಂಬು ಮಾಡಿ ತೋರಿಸಿದಳು. ನೀಲಕಂಠಪ್ಪನವರು ಕಣ್ಣು ಕೆಕ್ಕರಿಸಿದರು. ಎಮ್ಮೆಯ ಹೆಸರೆತ್ತಬೇಡ ಅಂದರೆ ಈ ಹೆಂಗಸು ಬೀಗರ ಎದುರಿಗೆ ಎಮ್ಮೆಯ ಸೋಗನ್ನೇ ಹಾಕುತ್ತಾಳಲ್ಲ! ಹಣೆಬರಹ!

ದ್ಯಾಮಣ್ಣನವರು ತಂಬಿಗೆ ಹಿಡಿದು ನೀರು ತರಲೆಂದು ಎದ್ದರು. ಮರದ ಬುಡದಲ್ಲೇ ಹಳ್ಳ. ಅವರು ಬಾಗಿ ತಂಬಿಗೆ ಅದ್ದುವುದಕ್ಕೂ, ಎದುರಿನ ಬಿದಿರ ಮೆಳೆ ಬಿರಿದು ಕರ್ರಗಿನ ಹಣೆಯೊಂದು, ಅದರ ಎರಡೂ ಬದಿಗೆ ಬಾಗಿದ ಕೊಂಬು, ಕೆಂಪು ಕಣ್ಣು ಹೊರಬರುವುದಕ್ಕೂ ಸರಿಹೋಯಿತು.

“ಕಾಡುಕೋಣಾ! ಯಪ್ಪಾ! ಸತ್ತೆನಪ್ಪೋ!” ಎಂದು ಕಿರುಚಿದ್ದು ಗೈಡೇ.

ಮುಂದಿನದನ್ನು ಬರೆಯಲು ಕೈ ನಾಚುತ್ತದೆ. ಮುಂಜಾನೆಯಿಂದ ‘ನೀವು ಮೊದಲು, ನೀವು ಮೊದಲು’ ಎಂದು ನಾಲಿಗೆ ಸವೆಸಿದ ನೀಲಕಂಠಪ್ಪನವರು ಈ ಒಂದು ಸಲ ಯಾರನ್ನೂ ಕೇಳಲಿಲ್ಲ. ಜಿಗಿದು ಎದ್ದರು. ಮರಕ್ಕೆ ಓಡಿದರು. ಕೊಂಬೆ ಎಟುಕಲಿಲ್ಲ. ಕೆಳಗೆ ಬಾಗಿದ ಬೆನ್ನೊಂದು ಕಂಡಿತು. ಅದರ ಮೇಲೆ ಕಾಲಿಟ್ಟು ಮೇಲೆ ಹಾರಿದರು! ಬೀಗರು ಬಂದರೆ ಕಾಲಿಗೆ ನೀರು ಕೊಡುವುದು ನಮ್ಮ ರೀತಿ. ಬೀಗರ ಬೆನ್ನಿಗೆ ಕಾಲು ಕೊಟ್ಟವರು ಇವರೊಬ್ಬರೇ ಇರಬೇಕು. ದ್ಯಾಮಣ್ಣನವರು ತಂಬಿಗೆ ಸಮೇತ ದಬಾಲೆಂದು ಹಳ್ಳಕ್ಕೆ ಬಿದ್ದರು. ನೀಲಕಂಠಪ್ಪನವರ ಧೋತರದ ಕಚ್ಚೆ ಕೆಳಗಿನ ಟೊಂಗೆಗೆ ಸಿಕ್ಕಿಕೊಂಡಿತು. ಧೋತರ ಅಲ್ಲೇ ಉಳಿಯಿತು, ಒಡೆಯ ಮೇಲೆ ಹೋದ. ಪಟ್ಟಾಪಟ್ಟಿ ಚಣ್ಣದ ಮೇಲೆ ಕರಿ ಕೋಟು ತೊಟ್ಟ ಮನುಷ್ಯನೊಬ್ಬ ಟೊಂಗೆಯನ್ನು ಅಪ್ಪಿಕೊಂಡು ಕೂತ.

ಇಲ್ಲಿಯವರೆಗೆ ಅವರಿಗೆ ಬಹುವಚನ ಹಚ್ಚಿಕೊಂಡು ಬಂದೆವು. ಮರದ ಮೇಲಿದ್ದವನಿಗೆ ಅಷ್ಟು ಭಾರ ಯಾಕೆ? ಅದನ್ನು ಇಳಿಸಿ ಕೆಳಗಿದ್ದ ಇನ್ನೊಬ್ಬರಿಗೆ ಕೊಡುವ ಪ್ರಸಂಗ ಈಗ ಬಂತು.

ನೀಲಕಂಠಪ್ಪ ಮೇಲಿನಿಂದ ನೋಡಿದ. ದಾನವ್ವನವರು ಏಳಲಾರದೆ, ಕೈಯಲ್ಲಿ ಮಾದಲಿ ಹಿಡಿದುಕೊಂಡೇ ಕಣ್ಣು ಮುಚ್ಚಿ “ಶಿವ ಶಿವಾ” ಎನ್ನುತ್ತಿದ್ದರು. ದ್ಯಾಮಣ್ಣನವರು ನೀರಿನಿಂದ ತೊಯ್ದು ತೊಪ್ಪೆಯಾಗಿ ಎದ್ದರು. ಎದ್ದವರು ಮರದ ಕಡೆ ಓಡಲಿಲ್ಲ. ಹೆಂಡತಿಯ ಮುಂದೆ ಹೋಗಿ, ಖಾಲಿ ತಂಬಿಗೆಯನ್ನೇ ಗದೆಯ ಹಾಗೆ ಎತ್ತಿ ಹಿಡಿದು, ಗಡಗಡ ನಡುಗುತ್ತ ಅಡ್ಡ ನಿಂತರು. ‘ಹುಲಿಗೂ ನಿಮಗೂ ನಡುವ ಈ ನೀಲಕಂಠ ನಿಂತಿರ್ತಾನ!’ ನಿನ್ನೆ ತಾನೇ ಆಡಿದ ಮಾತು ನೀಲಕಂಠಪ್ಪನ ಕಿವಿಯಲ್ಲಿ ಮೊಳಗಿತು. ಮೈಯೆಲ್ಲ ನಾಚಿಕೆಯಿಂದ ಸುಟ್ಟಿತು. ಕೋಣ ತಿವಿದು ಕೊಂದಿದ್ದರೆ ಎಷ್ಟೋ ಚಲೋ ಇತ್ತು ಅನ್ನಿಸಿತು. ಆದರೂ ಕೆಳಗಿಳಿಯಲು ಕಾಲು ಬರಲಿಲ್ಲ.

ಆಗ ರತ್ನವ್ವನವರು ಎದ್ದರು. (ಬಹುವಚನ ತಲುಪಿತು, ನೋಡಿರಿ.) ಅವಸರವಿಲ್ಲದೆ ಕೈ ಒರೆಸಿಕೊಂಡು, ಒಂದು ರೊಟ್ಟಿ ಎತ್ತಿಕೊಂಡು, ಕೊಂಬಿನ ಎದುರಿಗೆ ನಡೆದರು.

“ಹ್ಹೋ… ಹ್ಹೋ… ಬಾರ ನಮ್ಮವ್ವಾ, ಬಾ. ದಾರಿ ತಪ್ಪೇತೇನ ನಿನಗ? ಹ್ಹೋ…”

ಭೀಕರ ಮೃಗ ಮೂಗು ಚಾಚಿತು. ರೊಟ್ಟಿ ತಿಂದಿತು. ರತ್ನವ್ವನವರು ಅದರ ಗದ್ದದ ಕೆಳಗೆ ತುರಿಸಿದರು. ಅದು ಕಣ್ಣು ಮುಚ್ಚಿ ಕೊರಳು ಎತ್ತಿಕೊಟ್ಟಿತು. ಕೊರಳಲ್ಲಿ ಕಟ್ಟಿಗೆಯ ಗಂಟೆ: ಟೊಣಕ್, ಟೊಣಕ್.

ದಾನವ್ವನವರು ಒಂದು ಕಣ್ಣು ತೆರೆದರು. “ಅಕ್ಕಾರ… ಕಾಡುಕೋಣ ಇಷ್ಟು ಸಂಭಾವಿತ ಇರ್ತಾವೇನ್ರಿ? ಗಂಟಿ ಬ್ಯಾರೇ ಕಟ್ಟಗೊಂಡೈತಿ?”

ರತ್ನವ್ವನವರು ತಲೆಯೆತ್ತಿ ಮರ ನೋಡಿದರು.

“ಏನ್ರಿ, ಈಗರೇ ಹೇಳ್ಲೇನ್ರಿ?”

ಮರದಿಂದ ಎರಡು ಎಲೆ ಉದುರಿದವು.

“ಆಣಿ ಹಾಕೀರಿ. ನೀವ ಬಿಡಸಬೇಕು.”

ಈ ಹೊತ್ತಿಗೆ ಮರದ ಕೆಂಜಿಗ ಇರುವೆಗಳಿಗೆ ಅತಿಥಿ ಬಂದ ಸುದ್ದಿ ಮುಟ್ಟಿ, ಚಣ್ಣದ ಒಳಗೆ ಅವುಗಳ ಮೆರವಣಿಗೆ ಹೊರಟಿತ್ತು. “ಹೇಳು ಮಾರಾಯ್ತಿ, ಹೇಳು! ಏನ ಹೇಳ್ತಿ ಎಲ್ಲಾ ಹೇಳು!” ಎಂದು ಮೇಲಿನಿಂದ ಆರ್ತನಾದ ಬಂತು.

“ಎಮ್ಮಿ ರೀ ಇದು!” ಎಂದರು ರತ್ನವ್ವನವರು. ನಿನ್ನೆಯಿಂದ ಕಟ್ಟಿದ ಕಟ್ಟೆ ಒಡೆದ ಹಾಗಿತ್ತು. “ಎಮ್ಮಿ! ಇಲ್ಲೆ ಅಡವ್ಯಾಗ ಎಮ್ಮಿ ಸಾಕೂ ಗೌಳಿಗರು ಇರ್ತಾರಲ್ರಿ, ಅವರದ್ದು. ಹೆಜ್ಜಿ ಕಂಡಾಗನ ಹೇಳೂದಿತ್ತು, ಹೆಂಡಿ ಕಂಡಾಗನ ಹೇಳೂದಿತ್ತು, ಗಂಟಿ ಕೇಳಿದಾಗ ಕೈ ಮಾಡಿ ತೋರಿಸಿದೆ. ಅವರು ಆಣಿ ಹಾಕಿದ್ರು, ನಾ ಏನ್ಮಾಡ್ಲಿ? ನಮ್ಮ ಮನ್ಯಾಗೂ ಎರಡು ಎಮ್ಮಿ ಅದಾವ್ರಿ. ಕರೆವ್ವ, ಚಂದ್ರಿ. ನೀವು ಬರ್ತೀರಿ ಅಂತ ಹುಲಗಪ್ಪನ ಹಿತ್ತಲಕ್ಕ ಕಳಿಸ್ಯಾರ. ಪಾಪ, ನಾ ಇಲ್ಲದ ಹಿಂಡಿ ತಿಂತಾವೋ ಇಲ್ಲೋ!”

“ಹಂಗಾರ ಆ ಮೊಸರು?” ದಾನವ್ವನವರ ಎರಡನೆಯ ಕಣ್ಣೂ ತೆರೆಯಿತು.

“ನಮ್ಮ ಕರೆವ್ವಂದ್ರಿ.”

“ಡೇರಿದು ಅಂದ್ರು!”

“ಅವರು ಸಾಗವಾನಿ ಅಂತನೂ ಅಂದಾರ್ರಿ. ಎಲ್ಲಾ ಗಿಡಕ್ಕೂ.”

ನೀಲಕಂಠಪ್ಪ ಟೊಂಗೆಯಲ್ಲಿ ಮುಖ ಹುದುಗಿಸಿದ್ದ. ಮುಗಿಯಿತು! ಬೀಗರ ಬೆನ್ನು ತುಳಿದದ್ದಾಯಿತು, ಹೇಳಿದ ಸುಳ್ಳೆಲ್ಲ ಸಾಲುಗಟ್ಟಿ ಹೊರಬಿದ್ದದ್ದಾಯಿತು, ಧೋತರ ಬಾವುಟವಾಗಿ ಹಾರಾಡಿದ್ದೂ ಆಯಿತು. ಇಂಥವನ ಮನೆಯ ಹೆಣ್ಣನ್ನು ಯಾರು ತಂದುಕೊಳ್ಳುತ್ತಾರೆ? ಹೊಸ್ತಿಲಲ್ಲಿ ನಿಂತು ಮುಗುಳುನಕ್ಕು ಕಳಿಸಿಕೊಟ್ಟ ಕಸ್ತೂರಿಯ ಮುಖ ಕಣ್ಣ ಮುಂದೆ ಬಂತು. ಅಪ್ಪನ ಬಡಾಯಿ ಮಗಳ 'ಹೂಂ' ತಿಂದುಹಾಕಿತಲ್ಲ!

ದಾನವ್ವನವರು ಕೈ ಕೊಡವಿಕೊಂಡು, ಗಂಡನ ಭುಜ ಹಿಡಿದು ಎದ್ದರು. ಮರದ ಕೆಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ನೀಲಕಂಠಪ್ಪನವರ, ಒಂದು ಮಾತು ಕೇಳ್ತೇನಿ, ಖರೇ ಹೇಳ್ರಿ. ಹುಡುಗಿ ಅಗದೀ ಅಪ್ಪನ ಅಚ್ಚು ಅಂತ ಹೇಳಿದ್ರಿ. ನಮ್ಮದು ತುಂಬಿದ ಮನಿ. ನಾಳೆ ಏನರೇ ಬಂದು ಎದುರಿಗೆ ನಿಂತ್ರ, ಅತ್ತಿ-ಮಾವನ್ನ ತುಳದು ಗಿಡಾ ಏರೂ ಸೊಸಿ ನಮಗ ಬ್ಯಾಡ್ರಿ. ಕಸ್ತೂರಿ ಯಾರ ಹಾಂಗ? ನಿಮ್ಮ ಹಾಂಗೋ, ಅವರವ್ವನ ಹಾಂಗೋ?”

ಎಮ್ಮೆಯೂ ಮೆಲುಕು ನಿಲ್ಲಿಸಿತು. ಜನ್ಮವಿಡೀ ನೀಲಕಂಠಪ್ಪ ಓಣಿಯ ಕಟ್ಟೆಯ ಮೇಲೆ, ಪೇಟೆಯ ಅಂಗಡಿಯಲ್ಲಿ, ಮದುವೆಯ ಪಂಗತಿಯಲ್ಲಿ ಕೂತು ಒಂದೇ ಮಾತು ಹೇಳಿಕೊಂಡು ಬಂದವನು: ಮಗಳು ನನ್ನ ಹಾಂಗ. ಕೆಂಜಿಗವೊಂದು ಬಲವಾಗಿ ಕಚ್ಚಿತು. ಕಣ್ಣಲ್ಲಿ ಬಂದ ನೀರು ಕೆಂಜಿಗದ್ದೋ ನಾಚಿಕೆಯದೋ ಅವನಿಗೇ ಗೊತ್ತಾಗಲಿಲ್ಲ.

“ಅವರವ್ವನ ಹಾಂಗ್ರೀ!” ಎಂದು ಕೂಗಿದ. “ಅಗದೀ ಅವರವ್ವನ ಅಚ್ಚು! ನಂದು ಒಂದು ಗುಣಾನೂ ಬಂದಿಲ್ರೀ ಅಕ್ಕಾರ, ನಿಮ್ಮ ಪಾದದ ಆಣಿ!”

ರತ್ನವ್ವನವರು ಎಮ್ಮೆಯ ಕೊರಳು ತುರಿಸುತ್ತಿದ್ದ ಕೈ ನಿಲ್ಲಿಸಿ, ಮದುವೆಯಾದ ಮೇಲೆ ಮೊದಲ ಸಲ ಕೇಳುವ ಮಾತು ಕೇಳಿದವರಂತೆ ಮೇಲೆ ನೋಡಿದರು.

“ಹಂಗಾರ ಆತು ಬಿಡ್ರಿ,” ಎಂದರು ದಾನವ್ವನವರು. “ಇಳೀರಿ ಕೆಳಗ. ಛಲೋ ದಿನಾ ನೋಡಿ ಸಕ್ಕರಿ ತಿನ್ನೂಣು.”

ಸಕ್ಕರೆ ತಿನ್ನುವುದೆಂದರೆ ಸಂಬಂಧ ಗಟ್ಟಿಯಾದ ಹಾಗೆ! ನೀಲಕಂಠಪ್ಪನಿಗೆ ಹಿಗ್ಗಬೇಕೋ ನೆಲ ಬಗಿದು ಹೂತುಕೊಳ್ಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಮೊದಲು ಕೆಳಗಿಳಿಯಬೇಕಿತ್ತು, ಅದೇ ಬರುತ್ತಿರಲಿಲ್ಲ. ಗದ್ದಲಕ್ಕೆ ಎಚ್ಚರವಾಗಿ ಬಂದ ಶಾಬುದ್ದೀನ ಮರವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ಸಾವಕಾರ್ರ, ಮೊದಲ ಧೋತರ ಇಳಸ್ಲೋ, ನಿಮ್ಮನ್ನ ಇಳಸ್ಲೋ?” ಎಂದು ವಿನಯದಿಂದ ಕೇಳಿದ.

“ಧೋತರ! ಧೋತರ ಮೊದಲ!”

ದ್ಯಾಮಣ್ಣನವರು ಒದ್ದೆ ಅಂಗಿಯಲ್ಲೇ ಮುಂದೆ ಬಂದು ಮರದ ಬುಡದಲ್ಲಿ ಬಾಗಿ ನಿಂತರು. “ಬರ್ರಿ ಬೀಗರ, ನಾಚಬ್ಯಾಡ್ರಿ. ಏರೂ ದಾರಿ ಗೊತ್ತ ಐತಿ ನಿಮಗ, ಇಳಿಯೂದೂ ಅದ ದಾರಿ.”

ಬೀಗರೆಂದು ಅವರು ಕರೆದದ್ದು ಅದೇ ಮೊದಲು. ಆ ಬೆನ್ನಿನ ಮೇಲೆ ಎರಡನೆಯ ಸಲ ಕಾಲಿಡುವಾಗ ನೀಲಕಂಠಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

ತಿರುಗಿ ಬರುವಾಗ ಮುಂದಿನ ಸೀಟಿನ ಜಗಳ ಆಗಲಿಲ್ಲ. ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನೀಲಕಂಠಪ್ಪ ತಾನೇ ಹೋಗಿ ಮುಂದೆ ಕೂತ. ಹಿಂದಿದ್ದವರ ಮುಖ ನೋಡುವುದು ತಪ್ಪುತ್ತಿತ್ತು. ನಾಕೆಯವನು, “ಏನು ಕಂಡ್ರಿ ಸಾಹೇಬ್ರ?” ಎಂದು ಕೇಳಿದ. ಯಾರೂ ಮಾತಾಡಲಿಲ್ಲ. ದಾನವ್ವನವರೂ ಸಹ! ಹಳಿಯಾಳ ದಾಟಿದ ಮೇಲೆ ನೀಲಕಂಠಪ್ಪ ತಿರುಗಿ ಕೈ ಜೋಡಿಸಿದ.

“ನಿಮ್ಮನ್ನ ಕೈ ಮುಗದು ಕೇಳ್ಕೋತೇನಿ. ಇವತ್ತಿನ ಸುದ್ದಿ ಊರಾಗ ಯಾರ ಮುಂದೂ ಆಡಬ್ಯಾಡ್ರಿ. ಪ್ಯಾಟ್ಯಾಗ ತಲಿ ಎತ್ತಿ ಅಡ್ಡ್ಯಾಡಾಕ ಆಗೂದಿಲ್ಲ.”

“ನಮ್ಮ ಬಾಯಿಂದ ಒಂದು ಶಬ್ದ ಬಂದ್ರ ಕೇಳ್ರಿ,” ಎಂದು ಬೀಗರು ಮಾತು ಕೊಟ್ಟರು. ಶಾಬುದ್ದೀನ, “ನಾ ನಿದ್ದ್ಯಾಗಿದ್ದೆ ಸಾವಕಾರ್ರ,” ಎಂದ. ರತ್ನವ್ವನವರು, “ನಾ ಯಾರ ಮುಂದೂ ಮಾತಾಡೂದಿಲ್ರಿ,” ಎಂದರು. ಈ ಸಲ ಯಾರೂ ಆಣೆ ಹಾಕಲಿಲ್ಲ; ಆಣೆಯ ರುಚಿ ನೀಲಕಂಠಪ್ಪನಿಗೆ ಗೊತ್ತಾಗಿತ್ತು.

ಎಲ್ಲರೂ ಮಾತು ಉಳಿಸಿಕೊಂಡರು. ಸಕ್ಕರೆ ತಿನ್ನುವ ದಿನ ಬಂತು. ಉಣಕಲ್ಲಿನ ಮನೆಯಂಗಳದಲ್ಲಿ ಹಂದರ ಹಾಕಿ, ಓಣಿಯವರು, ಹುಬ್ಬಳ್ಳಿಯ ಪೇಟೆಯವರು, ಧಾರವಾಡದ ಸಪ್ತಾಪುರದಿಂದ ಬಂದ ನೆಂಟರು ಎಲ್ಲ ಕಿಕ್ಕಿರಿದು ಕೂತಿದ್ದರು. ಕರೆವ್ವ, ಚಂದ್ರಿ ಇಬ್ಬರೂ ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ಹಿತ್ತಲಿಗೆ ಮರಳಿದ್ದರು. ನೀಲಕಂಠಪ್ಪನೂ ಹೊಸ ಧೋತರ ಉಟ್ಟು, ಮೀಸೆ ತೀಡಿ, ಬಿಟ್ಟುಹೋಗಿದ್ದ ಬಹುವಚನವನ್ನು ಮೆಲ್ಲಗೆ ಮತ್ತೆ ಹೆಗಲಿಗೇರಿಸಿಕೊಳ್ಳುತ್ತಿದ್ದ. ಯಾರೋ ದಾಂಡೇಲಿಯ ಮಾತೆತ್ತಿದಾಗ, “ಹೂಂ, ಬೀಗರಿಗೆ ಒಂದು ಕಾಡುಕೋಣ ತೋರಿಸಿಕೊಂಡು ಬಂದೆ,” ಎಂದು ತಣ್ಣಗೆ ಅಂದದ್ದೂ ಉಂಟು! ಪಕ್ಕದಲ್ಲಿದ್ದ ದ್ಯಾಮಣ್ಣನವರು ಬೆನ್ನು ನೀವಿಕೊಂಡರೇ ಹೊರತು ತುಟಿ ಬಿಚ್ಚಲಿಲ್ಲ.

ಸಕ್ಕರೆ ಹಂಚುವ ಹೊತ್ತಿಗೆ ಹೆಂಗಸರ ಕಡೆ ಗದ್ದಲವೆದ್ದಿತು. “ಹೆಸರು ಹೇಳ್ರಿ! ಹೆಸರು ಹೇಳದ ಸಕ್ಕರಿ ಇಲ್ಲ!” ಎಂದು ಎಲ್ಲರೂ ರತ್ನವ್ವನವರನ್ನು ಸುತ್ತುಗಟ್ಟಿದರು. ನಡುವೆ ನಿಂತಿದ್ದ ದಾನವ್ವನವರು, “ಹಳೇದು ಬ್ಯಾಡ ಅಕ್ಕಾರ, ಹೊಸಾದ ಆಗಬೇಕು,” ಎಂದರು.

ರತ್ನವ್ವನವರು ಸೆರಗು ಸರಿಮಾಡಿಕೊಂಡರು. ಯಾರ ಮುಂದೂ ಮಾತಾಡುವುದಿಲ್ಲವೆಂದು ಒಪ್ಪಿಕೊಂಡಿದ್ದರು, ಒಡಪು ಮಾತಲ್ಲವಲ್ಲ! ಗಂಡನ ಕಡೆ ಒಮ್ಮೆ ನೋಡಿ, ಹಂದರದ ಕೊನೆಯವರೆಗೂ ಕೇಳುವಂತೆ ದನಿಯೆತ್ತಿದರು:

“ದಾಂಡೇಲಿ ಅಡವ್ಯಾಗ ಎಮ್ಮಿ ಕೊರಳಾಗ ಗಂಟಿ,
ನೀಲಕಂಠಪ್ಪನವರು ಗಿಡದ ಮ್ಯಾಲ, ಕೆಳಗ ನಾನೊಬ್ಬಾಕಿ ಒಂಟಿ!”

ಹಂದರ ಹಾರಿಹೋಗುವಂತೆ ನಗೆ ಎದ್ದಿತು. ಊರಿಗೆ ಊರೇ ತನ್ನ ಕಡೆ ತಿರುಗಿದಾಗ ನೀಲಕಂಠಪ್ಪ ಸುತ್ತಮುತ್ತ ನೋಡಿದ. ಆ ಅಂಗಳದಲ್ಲಿ ಏರಿ ಕೂಡಲು ಒಂದು ಮರವೂ ಇರಲಿಲ್ಲ.